ಕಾಚಿನ ಬಣ್ಣದ ಹಾಯಿ

ನನ್ನ ಗಂಡ ಹುಟ್ಟಿದ್ದು ಗದಗಿನ ಹತ್ತಿರದ ಒಂದು ಹಳ್ಳಿಯಲ್ಲಿ. ಅಲ್ಲಿ ನೀರೆಂದರೆ ಬಾವಿಯ ನೀರು, ಹೆಚ್ಚೆಂದರೆ ಊರ ಹೊರಗಿನ ಒಂದು ಹಳ್ಳ. ಮೂವತ್ತು ವರ್ಷ ತುಂಬುವ ತನಕ ಅವರು ಸಮುದ್ರ ನೋಡಿರಲಿಲ್ಲ. ಮದುವೆಯಾದ ಮೇಲೆ ಗೋಕರ್ಣಕ್ಕೆ ಹೋದಾಗ ಮೊಣಕಾಲಿನ ಮಟ ನೀರಿಗಿಳಿದು, ‘ಉಪ್ಪು ಭಾಳ ಅದ’ ಎಂದು ಹೇಳಿ ಮೇಲೆ ಬಂದಿದ್ದರು. ಅಂಥವರಿಗೆ ನಲವತ್ತರ ಅಂಚಿನಲ್ಲಿ ಹಾಯಿದೋಣಿಗಳ ಹುಚ್ಚು ಹಿಡಿಯಿತು ಎಂದರೆ ನಮ್ಮ ಕಡೆಯವರು ಈಗಲೂ ನಂಬುವುದಿಲ್ಲ.

ಅವರು ವಿಮಾ ಕಚೇರಿಯಲ್ಲಿ ಆಫೀಸರು. ತೊಂಬತ್ತೊಂದರಲ್ಲಿ ಹುಬ್ಬಳ್ಳಿಯಿಂದ ಅಹಮದಾಬಾದಿಗೆ ವರ್ಗವಾಯಿತು. ಮಣಿನಗರದಲ್ಲಿ, ಸ್ಟೇಷನ್ನಿಗೆ ರೈಲು ಬಂದು ನಿಂತದ್ದು ಅಡುಗೆಮನೆಯಲ್ಲೇ ತಿಳಿಯುವಷ್ಟು ಹತ್ತಿರ, ಎರಡು ಕೋಣೆಯ ಮನೆ ಹಿಡಿದೆವು. ಆರು ತಿಂಗಳೊಳಗೆ ನಮ್ಮ ಏಳು ವರ್ಷದ ಮಗಳು ಓಣಿಯ ಮಕ್ಕಳ ಜೊತೆ ಗುಜರಾತಿಯಲ್ಲಿ ಜಗಳವಾಡುವಷ್ಟು ಕಲಿತಳು. ನನಗೆ ತರಕಾರಿ ಗಾಡಿಯವನ ಹತ್ತಿರ ಮಾತಾಡಲು ಅವಳೇ ಬೇಕಾಗುತ್ತಿತ್ತು. ಧಾರವಾಡದಲ್ಲಿ ಬಿ.ಎ. ಓದಿದವಳು ನಾನು, ಬದನೆಕಾಯಿ ಕೊಳ್ಳಲು ಮಗಳ ಬಾಯಿ ಕಾಯುತ್ತ ನಿಲ್ಲುವುದು ನನಗೆ ಸಿಟ್ಟು ತರಿಸುತ್ತಿತ್ತು.

ಆಗ ಸಾಬರಮತಿಯಲ್ಲಿ ನೀರಿಗಿಂತ ಮರಳೇ ಹೆಚ್ಚು. ಆ ಮರಳಿನ ಮೇಲೆ, ಸೇತುವೆಯ ಬುಡದಲ್ಲಿ, ಪ್ರತಿ ಭಾನುವಾರ ಹಳೆಯ ಸಾಮಾನಿನ ಸಂತೆ ಕೂಡುತ್ತಿತ್ತು. ನಮ್ಮ ಟೇಬಲ್ ಫ್ಯಾನಿನ ಜಾಳಿಗೆ ಮುರಿದಿತ್ತು. ಅದನ್ನು ಹುಡುಕಿ ತರುತ್ತೇನೆಂದು ಹೋದವರು ಹೊತ್ತೇರಿದ ಮೇಲೆ ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ಪುಸ್ತಕವನ್ನು ಎದೆಗವಚಿಕೊಂಡು ಬಂದರು.

‘ಜಾಳಿಗಿ ಸಿಗಲಿಲ್ಲೇನ್ರಿ?’ ಎಂದೆ.

‘ಸಿಕ್ಕಿತ್ತು. ಅದರ ಬಾಜೂಕ ಇದಿತ್ತು.’

ಪುಸ್ತಕದ ನಡುವೆ ಮಡಚಿಟ್ಟ ನಕ್ಷೆಗಳಿದ್ದವು. ನೂರು ವರ್ಷದ ಹಿಂದೆ ಶ್ರೀಮಂತರು ವಿಹಾರಕ್ಕೆಂದು ಕಟ್ಟಿಸುತ್ತಿದ್ದ ಹಾಯಿದೋಣಿಗಳವು. ಯಾಟ್ ಎನ್ನುತ್ತಾರಂತೆ. ಅವುಗಳ ಪುಟ್ಟ ಮಾದರಿಯನ್ನು ಅಳತೆ ತಪ್ಪದಂತೆ ಮನೆಯಲ್ಲೇ ಮಾಡುವುದು ಹೇಗೆಂದು ಪುಸ್ತಕ ಹೇಳುತ್ತಿತ್ತು. ಅವರು ಒಂದು ನಕ್ಷೆಯನ್ನು ನೆಲದ ಮೇಲೆ ಹರಡಿ, ದೋಣಿಯ ಮೇಲಂಚಿನ ಗೆರೆಯ ಮೇಲೆ ಬೆರಳಾಡಿಸಿದರು. ಮೂತಿಯ ಹತ್ತಿರ ಎತ್ತರದಲ್ಲಿ ಶುರುವಾಗಿ, ನಡುವಿನಲ್ಲಿ ತುಸು ತಗ್ಗಿ, ಹಿಂದೆ ಮತ್ತೆ ಮೆಲ್ಲಗೆ ಏರುವ ಗೆರೆ. ಚೆಂದವೇ ಇತ್ತು. ಫ್ಯಾನಿಲ್ಲದ ಸೆಕೆಯಲ್ಲಿ ಅದನ್ನು ನಾನು ಒಪ್ಪಿಕೊಳ್ಳಲಿಲ್ಲ.

‘ದಿನಾ ಕಾಗದಾ ಮುಟ್ಟಿ ಮುಟ್ಟಿ ಸಾಕಾಗ್ಯದ,’ ಎಂದರು. ‘ಕೈಲೆ ಒಂದು ವಸ್ತು ಮಾಡಬೇಕು ಅನಸ್ತದ.’

ಸತ್ತವರ ವಿಮೆಯ ಹಣಕ್ಕೆ ಬಂದ ಅರ್ಜಿಗಳನ್ನು ಬೆಳಗಿನಿಂದ ಸಂಜೆಯವರೆಗೆ ಪರೀಕ್ಷಿಸುವುದು ಅವರ ಕೆಲಸ.

ಮೊದಲ ದೋಣಿಯನ್ನು ಅವರು ದೇವದಾರು ಮರದ ಒಂದೇ ತುಂಡಿನಲ್ಲಿ ಕೆತ್ತಿದರು. ಒಂದು ಉಳಿ, ಒಂದು ಚಾಕು, ಒಡೆದ ಗಾಜಿನ ಚೂರುಗಳು, ಇಷ್ಟೇ ಹತ್ಯಾರ. ನಾಲ್ಕು ತಿಂಗಳು ನಮ್ಮ ಉಪ್ಪಿಟ್ಟಿನಲ್ಲಿ ದೇವದಾರಿನ ವಾಸನೆಯಿತ್ತು. ಮಗಳು ಹಾಸಿಗೆಯಿಂದ ಎದ್ದರೆ ಬೆನ್ನಿಗೆ ಮರದ ಹೊಟ್ಟು ಅಂಟಿರುತ್ತಿತ್ತು. ಕಡೆಗೆ ಹಸಿರು ಬಣ್ಣ ಬಳಿದು, ತಮ್ಮ ಹಳೆಯ ಧೋತರದ ತುಂಡನ್ನು ಹಾಯಿಯೆಂದು ಕಟ್ಟಿ, ಒಂದು ಭಾನುವಾರ ಬೆಳಿಗ್ಗೆ ನಮ್ಮಿಬ್ಬರನ್ನೂ ಕಾಂಕರಿಯಾ ಕೆರೆಗೆ ಕರೆದುಕೊಂಡು ಹೋದರು. ಮನೆಯಿಂದ ನಡೆದು ಹೋಗುವಷ್ಟೇ ದೂರ.

ಮೆಟ್ಟಿಲ ಮೇಲೆ ಜನ ಸೇರಿದರು. ಅವರು ದೋಣಿಯನ್ನು ನೀರಿಗಿಟ್ಟು ಕೈ ಬಿಟ್ಟರು. ಅದು ಎಡಕ್ಕೆ ವಾಲಿತು. ವಾಲಿಕೊಂಡೇ ಒಂದು ಸುತ್ತು ಬಂತು, ಇನ್ನೊಂದು ಅರ್ಧ ಸುತ್ತು ಬಂತು, ಆಮೇಲೆ ಎಮ್ಮೆ ಕೆಸರಿನಲ್ಲಿ ಮಲಗಿದಂತೆ ಸಮಾಧಾನವಾಗಿ ಮಗ್ಗುಲಾಗಿ ಮಲಗಿಬಿಟ್ಟಿತು. ಶೇಂಗಾ ಮಾರುವವನೊಬ್ಬ ಗುಜರಾತಿಯಲ್ಲಿ ಏನೋ ಅಂದ. ಎಲ್ಲರೂ ನಕ್ಕರು.

‘ಏನಂತಾನ?’ ಎಂದು ಮಗಳನ್ನು ಕೇಳಿದರು.

‘ಬೋಟ್‌ಗೆ ನಿದ್ದಿ ಬಂದದ ಅಂತಾನ, ಪಪ್ಪಾ.’

ಬಾಡಿಗೆ ದೋಣಿಯವನೊಬ್ಬ ತನ್ನ ಹುಟ್ಟುಗೋಲಿನಿಂದ ಅದನ್ನು ದಡಕ್ಕೆ ತಳ್ಳಿಕೊಟ್ಟ. ಮನೆಗೆ ಬಂದ ಕೂಡಲೇ ನನ್ನ ಗಂಡ ಆ ಹಸಿರು ದೋಣಿಯನ್ನು ಕಪಾಟಿನ ಮೇಲೆ ಹತ್ತಿಸಿಟ್ಟರು. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಸ್ವಲ್ಪ ಖುಷಿಯೂ ಆಯಿತು, ಆ ಖುಷಿಗೆ ನಾಚಿಕೆಯೂ ಆಯಿತು.

ಆ ಡಿಸೆಂಬರಿನಲ್ಲಿ, ಗಾಳಿಪಟದ ಹಬ್ಬ ಹತ್ತಿರ ಬಂದಾಗ, ಮಗಳಿಗೆ ದಾರ ಸುತ್ತುವ ಫಿರ್ಕಿ ಬೇಕೆಂದು ಹಳೆಯ ಊರಿನ ಒಂದು ಇಕ್ಕಟ್ಟಾದ ಓಣಿಗೆ ಹೋದೆವು. ಅಲ್ಲಿ ಒಂದು ಮನೆಯ ಕಟ್ಟೆಯ ಮೇಲೆ ಕೂತು, ದಾರದಿಂದ ಕಟ್ಟಿದ ಕನ್ನಡಕ ಹಾಕಿಕೊಂಡು, ಐವತ್ತು ದಾಟಿದ ಒಬ್ಬರು ಕೈ ತಿರುಗಣಿಯಲ್ಲಿ ಫಿರ್ಕಿ ಕಡೆಯುತ್ತಿದ್ದರು. ಅವರು ಮೂವತ್ತು ವರ್ಷ ಬಟ್ಟೆ ಮಿಲ್ಲಿನಲ್ಲಿ ಮರಗೆಲಸದವರಾಗಿದ್ದರಂತೆ. ಮಗ್ಗದ ಲಾಳಿಗಳನ್ನು ದುರಸ್ತಿ ಮಾಡುವುದು, ನಕ್ಷೆ ನೋಡಿ ಮರದ ಬಿಡಿಭಾಗ ಮಾಡುವುದು ಅವರ ಕೆಲಸ. ಮಿಲ್ಲು ಮುಚ್ಚಿದ ಮೇಲೆ ಹಬ್ಬಕ್ಕೆ ಫಿರ್ಕಿ, ಉಳಿದ ದಿನ ಲಟ್ಟಣಿಗೆ. ಓಣಿಯಲ್ಲಿ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ನಮ್ಮ ಕಡೆಯೂ ಅಪ್ಪನ ತಮ್ಮ ಕಾಕಾನೇ. ಊರು ಬಿಟ್ಟ ಮೇಲೆ ಮೊದಲ ಸಲ ಒಬ್ಬರನ್ನು ಕರೆಯಲು ನನಗೆ ನಾಲಗೆ ಹೊರಳಿಸಬೇಕಾಗಲಿಲ್ಲ.

ಮರುವಾರ ನನ್ನ ಗಂಡ ಆ ಹಸಿರು ದೋಣಿಯನ್ನು ಚೀಲದಲ್ಲಿಟ್ಟುಕೊಂಡು, ನಕ್ಷೆಯ ಸಮೇತ ಅವರ ಹತ್ತಿರ ಹೋದರು. ನಾನೂ ಹೋಗಿದ್ದೆ. ಕಾಕಾ ದೋಣಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಲಟ್ಟಣಿಗೆ ನೆಟ್ಟಗಿದೆಯೇ ಎಂದು ನೋಡುವಂತೆ ನೋಡಿದರು. ಆಮೇಲೆ ನಕ್ಷೆ ನೋಡಿದರು. ಒಂದು ಅಕ್ಷರ ಇಂಗ್ಲಿಷ್ ಬಾರದ ಅವರು ಆ ಗೆರೆಗಳನ್ನು ನಾವು ಪಂಚಾಂಗ ನೋಡಿದಷ್ಟು ಸಲೀಸಾಗಿ ಓದಿದರು.

‘ಸಾಹೇಬ್,’ ಎಂದರು, ಗುಜರಾತಿ ಎಳೆತದ ಹಿಂದಿಯಲ್ಲಿ, ‘ಇದು ಒಂದು ದೋಣಿಯಲ್ಲ, ಎರಡು. ಎಡಗಡೆ ಒಂದು, ಬಲಗಡೆ ಇನ್ನೊಂದು.’

ನಕ್ಷೆಯಲ್ಲಿ ದೋಣಿಯ ಅಡ್ಡಕೊಯ್ತವನ್ನು ಒಂದೇ ಚಿತ್ರದಲ್ಲಿ ತೋರಿಸಿದ್ದರು. ನಡುಗೆರೆಯ ಬಲಕ್ಕಿರುವುದು ಮುಂದಿನಿಂದ ನೋಡಿದ ಅರ್ಧ, ಎಡಕ್ಕಿರುವುದು ಹಿಂದಿನಿಂದ ನೋಡಿದ ಅರ್ಧ. ಜಾಗ ಉಳಿಸಲು ಹಾಗೆ ಬರೆಯುವ ರೂಢಿಯಂತೆ. ನನ್ನ ಗಂಡ ಎರಡೂ ಸೇರಿ ಒಂದು ದೋಣಿ ಎಂದುಕೊಂಡು, ಬಲಮಗ್ಗುಲನ್ನು ತೆಳ್ಳಗೆ, ಎಡಮಗ್ಗುಲನ್ನು ದಪ್ಪಗೆ, ನಾಲ್ಕು ತಿಂಗಳು ಶ್ರದ್ಧೆಯಿಂದ ಕೆತ್ತಿದ್ದರು. ಅರ್ಥವಾದ ಕೂಡಲೇ ಅವರು ಕಟ್ಟೆಯ ಮೇಲೆ ಕುಸಿದು ಕೂತು ನಗತೊಡಗಿದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಕಾಕಾ ನಗಲಿಲ್ಲ.

‘ಕೈ ಒಳ್ಳೆಯದಿದೆ,’ ಎಂದರು ದೋಣಿಯನ್ನು ಸವರುತ್ತ. ‘ಆದರೆ ಇದು ನಹಿ ಚಾಲೆ, ನಡೆಯುವುದಿಲ್ಲ. ಇನ್ನೊಂದು ಮಾಡೋಣ.’

ಮಾಡೋಣ ಎಂದದ್ದು ಕೇಳಿ ನಾನು ಇನ್ನೂ ನಾಲ್ಕು ತಿಂಗಳ ಮರದ ಹೊಟ್ಟಿನ ಲೆಕ್ಕ ಹಾಕಿದೆ.

ಅಂದಿನಿಂದ ಭಾನುವಾರಗಳು ಕಾಕಾನವು. ಒಂಬತ್ತಕ್ಕೆ ಸೈಕಲ್ಲಿನಲ್ಲಿ ಬರುತ್ತಿದ್ದರು, ಹ್ಯಾಂಡಲ್ಲಿಗೆ ಹತ್ಯಾರದ ಚೀಲ. ಈ ಸಲ ತೆಳು ಹಲಗೆಗಳನ್ನು ಒಂದೊಂದು ಅಳತೆಗೆ ಕೊಯ್ದು, ಜೋಳದ ರೊಟ್ಟಿ ಪೇರಿಸಿದ ಹಾಗೆ ಒಂದರ ಮೇಲೊಂದು ಅಂಟಿಸಿ, ಒಣಗಿದ ಮೇಲೆ ಮೆಟ್ಟಿಲಿನಂಥ ಅಂಚುಗಳನ್ನು ತರಿದು ನಯ ಮಾಡಿದರು. ಹಗ್ಗ ಓಡುವ ಪುಟ್ಟ ರಾಟೆಗಳನ್ನು ಕಾಕಾ ಮಿಲ್ಲಿನ ಮುರಿದ ಲಾಳಿಗಳಿಂದ ಮಾಡಿದರು. ಕಡಲೆಬೇಳೆಯಷ್ಟು ದೊಡ್ಡವು. ಆ ಮರ ಕಬ್ಬಿಣದಷ್ಟು ಗಟ್ಟಿ. ಅದರಲ್ಲಿ ಸೂಜಿಯಂಥ ತೂತು ಕೊರೆದು, ಊದಿ, ಅಂಗೈಯಲ್ಲಿಟ್ಟುಕೊಂಡು ನನಗೆ ತೋರಿಸುತ್ತಿದ್ದರು.

ದೋಣಿಯ ಅಡಿಗೆ ಭಾರ ಬೇಕು, ಇಲ್ಲದಿದ್ದರೆ ಗಾಳಿಗೆ ಮಗುಚುತ್ತದೆ. ಅದಕ್ಕೆ ಸೀಸ ಕರಗಿಸಿ ಎರೆಯಬೇಕು. ಒಂದು ಭಾನುವಾರ ನಾನು ಮಗಳನ್ನು ಕರೆದುಕೊಂಡು ಪಕ್ಕದ ಮನೆಗೆ ಹೋಗಿ ಬರುವುದರೊಳಗೆ ಇಬ್ಬರೂ ಹಿತ್ತಿಲಲ್ಲಿ ಸ್ಟೋ ಹಚ್ಚಿ, ನನ್ನ ಒಗ್ಗರಣೆಯ ಕಬ್ಬಿಣದ ಸೌಟಿನಲ್ಲಿ ಹಳೆಯ ಸೀಸದ ಕೊಳವೆ ಕರಗಿಸುತ್ತಿದ್ದರು. ಅದು ನನ್ನ ಅವ್ವ ಕೊಟ್ಟಿದ್ದ ಸೌಟು.

‘ಏನ್ರಿ ಇದು! ಉಣ್ಣೋ ಸೌಟಿನಾಗ ಇಸಾ ಕಾಸ್ತೀರಿ?’

‘ತೊಳದ್ರ ಹೋಗ್ತದ…’

‘ತೊಳದ್ರ ಹೋಗೂದಿಲ್ಲ! ಇನ್ನಮ್ಯಾಲೆ ಇದು ನಿಮ್ಮ ದೋಣಿದು. ನೀವs ಇಟ್ಕೋರಿ.’

ಕಾಕಾನಿಗೆ ಕನ್ನಡ ತಿಳಿಯದಿದ್ದರೂ ಸ್ವರ ತಿಳಿಯಿತು. ಮರುವಾರ ಬರುವಾಗ ಒಂದು ಹೊಸ ಸೌಟು ತಂದು, ತಾವೇ ಕಡೆದು ಕೂರಿಸಿದ ಶೀಶಮ್ ಮರದ ಹಿಡಿಕೆಯ ಸಮೇತ, ನನ್ನ ಕೈಗೆ ಕೊಟ್ಟರು. ಅವತ್ತು ಅವರಿಗೆ ಊಟದಿಂದ ಇಷ್ಟು ಬೇಗ ಏಳಬೇಡಿ ಎಂದು ಒತ್ತಾಯ ಮಾಡಿ ಎರಡು ರೊಟ್ಟಿ ಹೆಚ್ಚು ಬಡಿಸಿದೆ.

ಹಾಯಿಯ ವಿಷಯದಲ್ಲಿ ಇಬ್ಬರಿಗೂ ಏನೂ ತಿಳಿಯುತ್ತಿರಲಿಲ್ಲ. ಮತ್ತೆ ಧೋತರವನ್ನೇ ಕತ್ತರಿಸಿ, ಅಂಚು ಮಡಚಿ ಹೊಲಿದರು. ಅದು ಕಂಬದಿಂದ ಜೋಳಿಗೆಯಂತೆ ಜೋತುಬಿದ್ದಿತು. ಮೂರನೆಯ ಸಲವೂ ಹಾಗೇ ಆದಾಗ ನನಗೆ ತಡೆಯಲಾಗಲಿಲ್ಲ.

‘ಬಟ್ಟಿ ಓರಿ ಕತ್ತರಿಸೀರಿ. ಕ್ರಾಸ್ ಕತ್ತರಿಸಿದ್ರ ಜಗ್ಗತದ. ಜಂಪರಿಗೂ ಹಂಗs. ಕೊಡ್ರಿಲ್ಲೆ.’

ಆ ‘ಕೊಡ್ರಿಲ್ಲೆ’ ನನ್ನ ಬಾಯಿಂದ ಬಂದ ಗಳಿಗೆಯಿಂದ ನಾನೂ ಸಿಕ್ಕಿಬಿದ್ದೆ. ಹಾಯಿಯ ಹಿಂದಿನ ಅಂಚು ಬಟ್ಟೆಯ ಉದ್ದನೆಯ ಎಳೆಯ ಜೊತೆ ನೇರ ಹೋಗಬೇಕು, ಆಗ ಅದು ಜಗ್ಗುವುದಿಲ್ಲ. ಗಾಳಿ ಹಿಡಿಯಲು ತುಸು ಹೊಟ್ಟೆ ಬೇಕು. ಅದನ್ನು ಜಂಪರಿಗೆ ಟಕ್ಸ್ ಹಿಡಿದಂತೆ, ಅದಕ್ಕಿಂತ ಬಹಳ ಸಣ್ಣದಾಗಿ, ಕೂಡುಹೊಲಿಗೆಯಲ್ಲೇ ಹಿಡಿಯಬೇಕು. ಪುಸ್ತಕದಲ್ಲಿ ಇದೆಲ್ಲ ಇತ್ತು, ಗಂಡಸರಿಗೆ ಅರ್ಥವಾಗಿರಲಿಲ್ಲ. ನಾನು ನಾಲ್ಕು ಪುಟ ಓದಿ, ಕಾಗದದಲ್ಲಿ ಕತ್ತರಿಸಿ ನೋಡಿ, ನನ್ನ ಮಶೀನಿನಲ್ಲಿ ಅತಿ ಸಣ್ಣ ಹೊಲಿಗೆ ಹಾಕಿದೆ. ಕಾಕಾ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ‘ಬೆನ್, ಮೂವತ್ತು ವರ್ಷ ಮಿಲ್ಲಿನಲ್ಲಿದ್ದೂ ನಾನು ಇಂಥ ಹೊಲಿಗೆ ನೋಡಿಲ್ಲ’ ಎಂದರು. ಬೆನ್ ಎಂದರೆ ಗುಜರಾತಿಯಲ್ಲಿ ಸೋದರಿ. ಆ ಊರಿಗೆ ಬಂದ ಮೇಲೆ ನನಗೆ ಯಾರಾದರೂ ಶಾಭಾಸ್ ಎಂದದ್ದು ಅದೇ ಮೊದಲು.

ತೊಂಬತ್ನಾಲ್ಕರಲ್ಲಿ ವಡೋದರಾಕ್ಕೆ ವರ್ಗವಾಯಿತು. ದೋಣಿಗೆ ಇನ್ನೂ ಹಗ್ಗ ಕಟ್ಟಿರಲಿಲ್ಲ. ಎರಡು ತಾಸಿನ ರೈಲಿನಲ್ಲಿ ಅದು ನನ್ನ ಗಂಡನ ತೊಡೆಯ ಮೇಲೆ ಕೂತು ಬಂತು, ಮಗಳು ಟ್ರಂಕಿನ ಮೇಲೆ. ಕಾಕಾ ತಿಂಗಳಿಗೊಮ್ಮೆ ಬೆಳಗಿನ ಗಾಡಿಗೆ ಬಂದು ಸಂಜೆಗೆ ಹಿಂತಿರುಗುತ್ತಿದ್ದರು. ಆ ಚಳಿಗಾಲದಲ್ಲಿ ಊರಾಚೆಯ ಒಂದು ಕೆರೆಗೆ ಹೋದೆವು. ಈ ಸಲ ಜನರಿಲ್ಲದ ಜಾಗವನ್ನೇ ಹುಡುಕಿದ್ದರು. ತಪ್ಪಿಸಿಕೊಂಡು ಹೋದರೆ ಎಳೆಯಲು ಇರಲಿ ಎಂದು ಕಾಕಾ ದೋಣಿಯ ಹಿಂಭಾಗಕ್ಕೆ ಗಾಳಿಪಟದ ದಾರ ಕಟ್ಟಿ, ಫಿರ್ಕಿ ಕೈಯಲ್ಲಿ ಹಿಡಿದುಕೊಂಡರು.

ಗಾಳಿ ಬಂತು. ಹಾಯಿ ಒಮ್ಮೆ ಪಟಪಟ ಅಂದು, ಆಮೇಲೆ ತುಂಬಿಕೊಂಡು ಸುಮ್ಮನಾಯಿತು. ದೋಣಿ ತುಸು ಬಾಗಿ, ಬಾಗಿದಷ್ಟಕ್ಕೇ ನಿಂತು, ಮುಂದೆ ಹೊರಟಿತು. ಕಾಕಾನ ಕೈಯಲ್ಲಿ ಫಿರ್ಕಿ ಗಿರ್ರೆಂದು ತಿರುಗುತ್ತಿತ್ತು. ‘ಹೋತು ನೋಡ, ಹೋತು ನೋಡ!’ ಎಂದು ನನ್ನ ಗಂಡ ದಂಡೆಯ ಗುಂಟ ಚಪ್ಪಲಿ ಬಿಟ್ಟು ಓಡುತ್ತಿದ್ದರು. ದಾರ ಮುಗಿಯಿತು. ಕಾಕಾ ಎಳೆದು ನಿಲ್ಲಿಸುತ್ತಾರೆಂದುಕೊಂಡರೆ, ಅವರು ಮುಗುಳ್ನಕ್ಕು ದಾರವನ್ನು ಬಿಟ್ಟುಬಿಟ್ಟರು. ಅದು ಆಚೆ ದಡದ ಜೊಂಡಿನಲ್ಲಿ ಹೋಗಿ ಸಿಕ್ಕಿಕೊಂಡಿತು. ತರಲು ನನ್ನ ಗಂಡ ಸೊಂಟದ ಮಟ ಕೆಸರಿಗಿಳಿದರು.

ಮರಳಿ ಬರುವಾಗ ಆಟೋದಲ್ಲಿ ಕಾಕಾ ಹೇಳಿದರು: ‘ಮಿಲ್ಲು ಮುಚ್ಚಿದ ದಿನ ನನ್ನ ಹತ್ಯಾರಗಳಿಗೆ ಎಣ್ಣೆ ಹಚ್ಚಿ ಕಟ್ಟಿಟ್ಟಿದ್ದೆ. ಲಟ್ಟಣಿಗೆ ಮಾಡಲು ಒಂದೇ ಉಳಿ ಸಾಕು. ನಿಮ್ಮ ದೋಣಿಗೆ ಎಲ್ಲವನ್ನೂ ಬಿಚ್ಚಬೇಕಾಯಿತು.’

ತೊಂಬತ್ತಾರರಲ್ಲಿ ಸೂರತ್ತಿಗೆ ಬಂದೆವು. ನಾನ್‌ಪುರಾದಲ್ಲಿ ಒಂದು ಹಳೆಯ ಪಾರಸಿ ಬಂಗಲೆಯ ಮಹಡಿ ಬಾಡಿಗೆಗೆ ಸಿಕ್ಕಿತು. ಕೆಳಗೆ ಮನೆಯೊಡತಿ ಒಬ್ಬರೇ. ಹುಡುಗಿಯರ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು, ಎಪ್ಪತ್ತು ದಾಟಿದ್ದರು, ಮದುವೆಯಾಗಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದು ಮಂಜುಮಂಜಾಗಿತ್ತು. ಆಪರೇಷನ್ನಿಗೆ ಡಾಕ್ಟರರು ಹೇಳಿ ಎರಡು ವರ್ಷವಾಗಿದ್ದರೂ ಹೆದರಿ ಮುಂದೂಡುತ್ತಿದ್ದರು. ನಾವು ಆಂಟಿ ಎನ್ನುತ್ತಿದ್ದೆವು. ಅವರು ನನ್ನನ್ನು ಡಿಕ್ರಿ, ಅಂದರೆ ಮಗಳೇ, ಎನ್ನುತ್ತಿದ್ದರು. ನಮ್ಮ ಊರಲ್ಲಿ ಡಿಕ್ರಿ ಎಂದರೆ ಕೋರ್ಟಿನದು. ‘ನಿನ್ನ ಮ್ಯಾಲೆ ದಿನಾ ಡಿಕ್ರಿ ಆಗ್ತದಲ್ಲ’ ಎಂದು ನನ್ನ ಗಂಡ ನಗುತ್ತಿದ್ದರು.

ಒಂದು ಸಂಜೆ ಆಂಟಿ ಕೋಲೂರಿಕೊಂಡು ಮೆಟ್ಟಿಲು ಹತ್ತಿ ಬಂದರು. ಮೇಲಿನಿಂದ ಸ್ಯಾಂಡ್‌ಪೇಪರ್ ಉಜ್ಜುವ ಸದ್ದು ತಿಂಗಳಿಂದ ಕೇಳುತ್ತಿದೆ, ಏನು ಮಾಡುತ್ತಿದ್ದೀರಿ ಎಂದರು. ನನ್ನ ಗಂಡ ಉಜ್ಜುತ್ತಿದ್ದ ಮೂರನೆಯ ದೋಣಿಯನ್ನು ಕೆಳಗಿಟ್ಟು, ತಪ್ಪು ಮಾಡಿದವರಂತೆ ಎದ್ದು ನಿಂತರು. ನಾನು ವಡೋದರಾದ ಕೆರೆಯಲ್ಲಿ ತೇಲಿದ ದೋಣಿಯನ್ನು ತಂದು ಅವರ ತೊಡೆಯ ಮೇಲಿಟ್ಟೆ. ಅವರ ಬೆರಳುಗಳು ಮೂತಿಯಿಂದ ಹಿಂದಕ್ಕೆ, ಹಿಂದಿನಿಂದ ಮೇಲಕ್ಕೆ ಓಡಾಡಿ, ಹಾಯಿಯ ಮೇಲಂಚನ್ನು ಎತ್ತಿಹಿಡಿಯುವ ಓರೆಗೋಲಿನ ಹತ್ತಿರ ನಿಂತವು.

‘ಕಟರ್,’ ಎಂದರು. ‘ಒಂದು ಕಂಬ, ಮುಂದೆ ಎರಡು ಹಾಯಿ. ಡಿಕ್ರಿ, ನನ್ನ ತಂದೆಯ ಹತ್ತಿರ ಇಂಥದ್ದಿತ್ತು.’

ಅವರ ತಂದೆ ಮುಂಬಯಿಯಲ್ಲಿದ್ದಾಗ ಒಂದು ಸಣ್ಣ ಯಾಟ್ ಇಟ್ಟಿದ್ದರಂತೆ. ಭಾನುವಾರ ತಂದೆ ಮಗಳು ಬಂದರಿನಿಂದ ಹೊರಟು ಮಧ್ಯಾಹ್ನಕ್ಕೆ ಮರಳುವುದು. ಹನ್ನೆರಡು ವರ್ಷದ ಹುಡುಗಿಗೆ ತಂದೆ ಚುಕ್ಕಾಣಿ ಕೊಟ್ಟು, ತಾವು ಹಿಂದೆ ಕೂತು ಪೈಪು ಸೇದುತ್ತಿದ್ದರಂತೆ. ತಂದೆ ತೀರಿಕೊಂಡ ವರ್ಷವೇ ದೋಣಿ ಮಾರಾಟವಾಯಿತು. ಉಳಿದದ್ದು ಒಂದು ಫೋಟೋ. ಅದರಲ್ಲಿ ದೋಣಿ ದೂರದಲ್ಲಿದೆ, ಹಾಯಿಯ ತುದಿ ಚೌಕಟ್ಟಿನಿಂದ ಆಚೆ ಹೋಗಿದೆ.

‘ಅದನ್ನು ಮಾಡುತ್ತೀರಾ?’ ಎಂದು ಕೇಳಿದರು. ಕೇಳಿ, ತಮಗೇ ನಾಚಿಕೆಯಾದಂತೆ, ‘ಬೇಡ ಬಿಡಿ, ನಕ್ಷೆಯಿಲ್ಲದೆ ಹೇಗೆ’ ಎಂದರು.

ನನ್ನ ಗಂಡ ಅಂದೇ ಕಾಕಾನಿಗೆ ಕಾಗದ ಬರೆದರು. ಕಾಕಾ ಬಂದವರು ಈ ಸಲ ಹತ್ತು ದಿನ ಉಳಿದರು. ನಕ್ಷೆ ಎಲ್ಲಿಂದ ತರುವುದು ಎಂಬ ಚರ್ಚೆ ನಡೆಯುತ್ತಿರುವಾಗ ಆಂಟಿ ಕಾಕಾನತ್ತ ತಿರುಗಿ, ‘ಮಿಸ್ತ್ರಿ, ಸೀಮೆಸುಣ್ಣ ಇದೆಯಾ? ನಾನು ನಡೆದು ತೋರಿಸುತ್ತೇನೆ’ ಎಂದರು.

ಕೆಳಗಿನ ವರಾಂಡ ಉದ್ದವಾಗಿತ್ತು. ಕುರ್ಚಿಗಳನ್ನು ಸರಿಸಿದೆವು. ಆಂಟಿ ಚಪ್ಪಲಿ ಬಿಟ್ಟು, ಕೋಲನ್ನು ನನ್ನ ಕೈಗೆ ಕೊಟ್ಟು, ಗೋಡೆಯ ಹತ್ತಿರ ನಿಂತರು. ‘ಇದು ಹಿಂಭಾಗ. ಇಲ್ಲಿ ಪಪ್ಪಾ ಕೂರುತ್ತಿದ್ದರು.’ ಎರಡು ಹೆಜ್ಜೆ ಇಟ್ಟು ನಿಂತರು. ‘ಅಲ್ಲ, ಇದು ಮುದುಕಿಯ ಹೆಜ್ಜೆ. ಆಗ ನನ್ನ ಕಾಲು ಚಿಕ್ಕವು.’ ಮತ್ತೆ ಗೋಡೆಗೆ ಬಂದು, ಹೆಜ್ಜೆಯನ್ನು ಕಿರಿದು ಮಾಡಿಕೊಂಡು, ಹುಡುಗಿಯಂತೆ ನಡೆದರು. ‘ಇಲ್ಲಿ ಚುಕ್ಕಾಣಿಯ ಹಿಡಿ ಮುಗಿಯುತ್ತದೆ. ಇಲ್ಲಿ ಕ್ಯಾಬಿನ್ನಿನ ಬಾಗಿಲು, ಇಲ್ಲಿ ತಲೆ ತಗ್ಗಿಸಬೇಕು.’ ಏನೂ ಇಲ್ಲದ ಆ ಜಾಗದಲ್ಲಿ ಅವರು ನಿಜವಾಗಿ ತಲೆ ತಗ್ಗಿಸಿದರು. ‘ಒಳಗೆ ಬಲಕ್ಕೆ ಬೆಂಚು. ಇಲ್ಲಿ ಕಂಬ, ಇದನ್ನು ಹಿಡಿದುಕೊಂಡು ತಿರುಗಿಯೇ ಮುಂದೆ ಹೋಗಬೇಕು.’ ಇಲ್ಲದ ಕಂಬಕ್ಕೆ ಕೈ ಬಳಸಿ ತಿರುಗಿದರು. ಕಾಕಾ ಮೊಣಕಾಲೂರಿಕೊಂಡು ಹಿಂದಿನಿಂದ ಸೀಮೆಸುಣ್ಣದ ಗುರುತು ಹಾಕುತ್ತ ಬಂದರು, ನನ್ನ ಗಂಡ ಟೇಪು ಹಿಡಿದು ಬರೆದುಕೊಳ್ಳುತ್ತ ಬಂದರು. ವರಾಂಡದ ಇನ್ನೊಂದು ತುದಿ ಮುಟ್ಟಿದಾಗ ಆಂಟಿಯ ಉಸಿರು ಏರಿತ್ತು. ‘ಇನ್ನೂ ಮೂರು ಹೆಜ್ಜೆ ಬೇಕು,’ ಎಂದರು, ‘ನಿಮ್ಮ ಗೋಡೆ ಅಡ್ಡ ಬಂತು.’ ಗೋಡೆ ಅವರದೇ.

ಆ ದೋಣಿಗೆ ಒಂಬತ್ತು ತಿಂಗಳು ಹಿಡಿಯಿತು, ಕಾಕಾ ಆಗಾಗ ಬಂದು ಹೋಗುತ್ತಿದ್ದರು. ಫೋಟೋದಿಂದ ಮೇಲಂಚಿನ ಗೆರೆ, ವರಾಂಡದಿಂದ ಅಳತೆ, ಉಳಿದದ್ದಕ್ಕೆ ಆ ಹಳೆಯ ಪುಸ್ತಕ. ಪ್ರತಿ ಭಾಗ ಆದಾಗಲೂ ಆಂಟಿ ಮುಟ್ಟಿ ನೋಡಬೇಕು. ಚುಕ್ಕಾಣಿಯ ಹಿಡಿಯನ್ನು ಕಾಕಾ ಮೂರು ಸಲ ಮಾಡಿದರು. ‘ಇಷ್ಟು ನೆಟ್ಟಗಿರಲಿಲ್ಲ ಮಿಸ್ತ್ರಿ, ತುದಿಯಲ್ಲಿ ಮೇಲಕ್ಕೆ ಬಾಗಿತ್ತು, ನನ್ನ ಮೊಣಕಾಲಿಗೆ ತಾಗುತ್ತಿತ್ತು,’ ಎಂದು ಆಂಟಿ. ‘ಬಾಗಿಸಿದರೆ ಮರದ ಎಳೆ ತುಂಡಾಗುತ್ತದೆ, ಬೆನ್,’ ಎಂದು ಕಾಕಾ. ಇಬ್ಬರೂ ಗುಜರಾತಿಯಲ್ಲಿ ಅರ್ಧ ತಾಸು ಜಗಳವಾಡಿ, ಆಮೇಲೆ ಒಟ್ಟಿಗೆ ಪುದೀನ ಹಾಕಿದ ಚಹಾ ಕುಡಿಯುತ್ತಿದ್ದರು.

ಹಾಯಿಗೆ ಬಟ್ಟೆ ಹುಡುಕಲು ನಾನು ಬಟ್ಟೆಯ ಮಾರ್ಕೆಟ್ಟಿಗೆ ಹೋದೆ. ಸೂರತ್ತಿನಲ್ಲಿ ಬಟ್ಟೆಗೇನು ಕೊರತೆ. ಅಂಗಡಿಯವನು ಯಾವ ಡ್ರೆಸ್ಸಿಗೆ ಎಂದ. ದೋಣಿಗೆ ಎಂದೆ. ಹಡಗಿನವರೇ ಎಂದು ಅವನು ಎದ್ದು ನಿಂತು ನಮಸ್ಕಾರ ಮಾಡಿ, ಎಷ್ಟು ಥಾನು ಬಟ್ಟೆ ಬೇಕೆಂದ. ಒಂದು ಮೀಟರ್ ಎಂದಾಗ ಕೂತುಬಿಟ್ಟ. ತೆಳ್ಳಗಿನ ಬಿಳಿ ಪಾಲಿಯೆಸ್ಟರ್ ತಂದು, ನಾಲ್ಕು ಹಾಯಿ ಹೊಲಿದೆ. ಅದಕ್ಕಿಂತ ಸಣ್ಣ ಹೊಲಿಗೆ ನನ್ನ ಕೈಯಿಂದ ಮುಂದೆಂದೂ ಆಗಲಿಲ್ಲ.

ಮುಗಿದ ದಿನ ದೋಣಿಯನ್ನು ಆಂಟಿಯ ವರಾಂಡದ ಮೇಜಿನ ಮೇಲೆ ಇಟ್ಟೆವು. ಅವರು ಎಲ್ಲವನ್ನೂ ಮುಟ್ಟಿದರು. ಕೊನೆಗೆ ಎರಡು ಬೆರಳುಗಳನ್ನು, ಮನುಷ್ಯ ಕಾಲಿಟ್ಟಂತೆ, ದೋಣಿಯ ಹಿಂಭಾಗದ ಕೂರುವ ತಗ್ಗಿನೊಳಗೆ ಇಳಿಸಿ, ಬಾಗಿದ ಚುಕ್ಕಾಣಿಯ ಪಕ್ಕ ಕೂರಿಸಿದರು. ಹಾಗೇ ಇದ್ದರು. ನಾವು ಮೂವರೂ ಅಂಗಳಕ್ಕೆ ಇಳಿದು ಬಂದೆವು.

ಎರಡು ವಾರದ ಮೇಲೆ ಆಂಟಿ ತಾವಾಗಿಯೇ, ಕಣ್ಣಿನ ಆಪರೇಷನ್ ಮಾಡಿಸುತ್ತೇನೆ ಎಂದರು. ನೋಡಬೇಕು, ಮುಟ್ಟಿದ್ದು ಸಾಲದು ಎಂದರು. ನಾನೇ ಜೊತೆಗೆ ಹೋಗಿದ್ದೆ. ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಹಾಕಿಕೊಂಡು, ಮನೆಗೆ ಬಂದವರು ನೇರ ವರಾಂಡಕ್ಕೆ ಹೋಗಿ ಮೇಜಿನ ಮುಂದೆ ಬಾಗಿದರು. ನಾನು, ನನ್ನ ಗಂಡ ಹಿಂದೆ ನಿಂತಿದ್ದೆವು.

‘ಬಿಳಿ?’ ಎಂದರು ಆಂಟಿ. ‘ಯಾರು ಹೇಳಿದರು ಬಿಳಿ ಎಂದು?’

ಕಪ್ಪು ಬಿಳುಪಿನ ಫೋಟೋದಲ್ಲಿ, ಬಿಸಿಲಿಗೆ ಹೊಳೆಯುತ್ತಿದ್ದ ಹಾಯಿ ಬಿಳಿಯಾಗಿಯೇ ಕಂಡಿತ್ತು.

‘ನಮ್ಮದು ಚಹಾದಂಥ ಬಣ್ಣ. ಪಪ್ಪಾ ಪ್ರತಿ ಮಳೆಗಾಲದ ಮುಂಚೆ ಹಾಯಿಗಳನ್ನು ಕಾಥೋದಲ್ಲಿ ಅದ್ದಿಸುತ್ತಿದ್ದರು, ಬೂಸ್ಟು ಹಿಡಿಯಬಾರದೆಂದು. ಅಂಗಳವೆಲ್ಲ ಕೆಂಪಾಗುತ್ತಿತ್ತು. ಇಷ್ಟು ತಿಂಗಳು ನೀವು ಒಬ್ಬರೂ ಕೇಳಲಿಲ್ಲವಲ್ಲ!’

ಕಾಥೋ ಎಂದರೆ ಎಲೆ ಅಡಿಕೆಗೆ ಹಾಕುವ ಕಾಚು. ನಾನು ಪಾನ್ ಅಂಗಡಿಯಿಂದ ಕಾಚು ತಂದು, ಪುಡಿ ಮಾಡಿ, ಬಕೆಟ್ಟಿನಲ್ಲಿ ಕುದಿಯುವ ನೀರಿಗೆ ಹಾಕಿ ಹಾಯಿಗಳನ್ನು ಅದ್ದಿದೆ. ಒಂದಿಡೀ ದಿನ ನೆನೆಸಿದೆ. ತೆಗೆದು ಹಿಂಡಿದರೆ ಬಣ್ಣವೆಲ್ಲ ನೀರಿನ ಜೊತೆ ಹೋಗಿ, ಕೊಳೆಯಾದ ಬಿಳಿ ಉಳಿಯಿತು. ನನಗೆ ಅಳುವೇ ಬಂತು. ಕಾಕಾ ಬಂದವರು ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

‘ಬೆನ್, ಇದು ಸೂರತ್ತಿನ ಪಾಲಿಯೆಸ್ಟರ್. ಇದಕ್ಕೆ ಕಾಚಲ್ಲ, ಟಾರು ಬಳಿದರೂ ನಿಲ್ಲುವುದಿಲ್ಲ. ಹತ್ತಿ ಬೇಕು.’

ಮುಂದಿನ ಸಲ ಅಹಮದಾಬಾದಿನಿಂದ ಎರಡು ಮೀಟರ್ ಹತ್ತಿಯ ಮಲ್‌ಮಲ್ ತಂದುಕೊಟ್ಟರು. ಮಿಲ್ಲಿನ ಬಣ್ಣದ ಖಾತೆಯಲ್ಲಿ ನೋಡಿದ್ದನ್ನು ನೆನಪಿಸಿಕೊಂಡು, ಮೊದಲು ಬರೀ ನೀರಿನಲ್ಲಿ ಪೂರ್ತಿ ನೆನೆಸು, ಆಮೇಲೆ ಬಣ್ಣಕ್ಕೆ ಹಾಕು, ಕೈ ಬಿಡದೆ ತಿರುವು, ನೆರಳಲ್ಲಿ ಒಣಗಿಸು, ಒಣಗಿದ ಮೇಲೆಯೇ ಕತ್ತರಿಸು, ಬಟ್ಟೆ ಕುಗ್ಗುತ್ತದೆ ಎಂದರು. ಹಾಗೇ ಮಾಡಿದೆ. ಮೂರು ಅದ್ದಿಗೆ ಬಂದ ಬಣ್ಣವನ್ನು ಆಂಟಿ ಕಿಟಕಿಯ ಬೆಳಕಿಗೆ ಹಿಡಿದು, ‘ಇನ್ನೊಂದು’ ಎಂದರು. ನಾಲ್ಕನೆಯದಕ್ಕೆ ಬಟ್ಟೆಯನ್ನು ಮೂಗಿಗೆ ಹಿಡಿದರು.

ಹೊಸ ಹಾಯಿ ಕಟ್ಟಿದ ಮೇಲೆ ಫೆಬ್ರುವರಿಯ ಒಂದು ಸಂಜೆ ಡುಮಸ್ ರಸ್ತೆಯ ಬದಿಯ ಒಂದು ಕೆರೆಗೆ ಹೋದೆವು. ಟ್ಯಾಕ್ಸಿಯಲ್ಲಿ ಮುಂದೆ ಕಾಕಾ, ಹಿಂದೆ ಆಂಟಿಯ ತೊಡೆಯ ಮೇಲೆ ದೋಣಿ. ದಡಕ್ಕೆ ಕುರ್ಚಿ ಹಾಕಿದೆವು, ಆಂಟಿ ಕೂರಲಿಲ್ಲ. ನನ್ನ ಗಂಡ ದೋಣಿಯನ್ನು ನೀರಿಗಿಟ್ಟು ಬಿಡಲು ಹೋದಾಗ ಗದರಿದರು.

‘ಹಾಗಲ್ಲ! ಗಾಳಿ ಎಲ್ಲಿಂದ ಬರುತ್ತಿದೆ? ಕೆನ್ನೆಗೆ ತಿಳಿಯುವುದಿಲ್ಲವೇ? ಮುಂದಿನ ಹಾಯಿ ಬಿಗಿ ಮಾಡಿ. ಇನ್ನೂ. ಚುಕ್ಕಾಣಿ ಒಂದು ಕೂದಲಷ್ಟು ಈ ಕಡೆ. ಈಗ ಬಿಡಿ.’

ಇಷ್ಟು ವರ್ಷ ದೋಣಿ ಮಾಡಿದ ನಮ್ಮಲ್ಲಿ ಯಾರೂ ಒಂದು ದಿನವೂ ನಿಜವಾದ ಹಾಯಿದೋಣಿ ನಡೆಸಿರಲಿಲ್ಲ. ಅದು ಅಂದು ನಡೆದಂತೆ ನಮ್ಮ ಯಾವ ದೋಣಿಯೂ ನಡೆದಿರಲಿಲ್ಲ. ಗಾಳಿಗೆ ಎದುರಾಗಿ, ಓರೆಯಾಗಿ, ಕೆಂಗಂದು ಹಾಯಿಗಳನ್ನು ಒಂದೇ ಕಡೆ ಬಾಗಿಸಿಕೊಂಡು, ನೀರನ್ನು ಸೀಳಿಕೊಂಡು ಹೋಯಿತು. ‘ಅಲ್ಲಿ ನೋಡು ಡಿಕ್ರಿ, ಅಲ್ಲಿ ನೋಡು,’ ಎಂದು ಆಂಟಿ ನನ್ನ ತೋಳು ಹಿಡಿದು ಅಲ್ಲಾಡಿಸಿದರು. ಅವರ ಕೈ ಹಿಡಿತದ ಗುರುತು ಮಾರನೆಯ ದಿನವೂ ಇತ್ತು.

ತೊಂಬತ್ತೊಂಬತ್ತರಲ್ಲಿ ನಮಗೆ ಹುಬ್ಬಳ್ಳಿಗೆ ಮರಳಿ ವರ್ಗವಾಯಿತು. ಹೊರಡುವ ಮುಂಚೆ ಆಂಟಿ, ‘ದೋಣಿ ಎಂದ ಮೇಲೆ ಎರಡು ಜೊತೆ ಹಾಯಿ ಇರಬೇಕು, ಅದು ನಿಯಮ’ ಎಂದರು. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಆಗಲಿಲ್ಲ. ಹುಬ್ಬಳ್ಳಿಗೆ ಬಂದು ಮಶೀನು ಬಿಚ್ಚಿದ ಕೂಡಲೇ, ಇಲ್ಲಿಯ ಕಾಚು ತಂದು, ಅದ್ದಿ, ಹೊಲಿದು, ಪಾರ್ಸಲ್ ಕಳಿಸಿದೆ.

ಒಂದು ತಿಂಗಳಿಗೆ ಉತ್ತರ ಬಂತು. ಗುಜರಾತಿಯಲ್ಲಿ, ಕಾಕಾನ ದುಂಡು ಅಕ್ಷರದಲ್ಲಿ. ದೋಣಿಗೆ ಎಣ್ಣೆ ಹಚ್ಚಲು ಕಾಕಾ ಈಗ ತಿಂಗಳಿಗೊಮ್ಮೆ ಸೂರತ್ತಿಗೆ ಹೋಗುತ್ತಿದ್ದರು, ಆಂಟಿ ಹೇಳಿದ್ದನ್ನು ಬರೆದುಕೊಂಡಿದ್ದರು. ಮಗಳು ಓದಿ ಹೇಳಿದಳು, ಅವಳ ಕನ್ನಡದಲ್ಲಿ: ‘ಹಾಯಿ ಮುಟ್ಟಿತು ಅಂತ. ಕಲರ್ ಭಾಳ ಡಾರ್ಕ್ ಆಗಿದೆಯಂತ, ಹುಬ್ಬಳ್ಳಿ ಕಾಚು ಬೇರೆ ಇರಬೇಕಂತ. ಆದರೂ ಅದನ್ನೇ ಕಟ್ಟ್ಯಾರಂತ. ಮುಂದಿನದು ಎರಡು ಹೊಲಿಗಿ ಗಿಡ್ಡ ಆಗೇದಂತ, ಮಮ್ಮಿ. ಯಾವಾಗ ಬಂದು ಸರಿ ಮಾಡಿ ಕೊಡ್ತೀ ಅಂತ ಕೇಳ್ಯಾರ.’

ನನ್ನ ಗಂಡ ಕ್ಯಾಲೆಂಡರ್ ತೆಗೆದು ಮಗಳ ದಸರೆಯ ರಜೆ ಎಂದಿನಿಂದ ಎಂದು ನೋಡತೊಡಗಿದರು. ನಾನು ಸೂಜಿದಾರದ ಡಬ್ಬಿಯನ್ನು ಚೀಲಕ್ಕೆ ಹಾಕಿದೆ.